ಅರ್ಧ ಅಂಕದ ಬೆಲೆ

2012ರ ಆಗಸ್ಟ್ 5ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮೂರು ಮೀಟರ್ ಸ್ಪ್ರಿಂಗ್‌ಬೋರ್ಡ್ ಡೈವಿಂಗ್‌ನ ಫೈನಲ್ ನಡೆಯಿತು. ಚೀನಾದ ವು ಮಿನ್‌ಶಿಯಾ 414.00 ಅಂಕ ಗಳಿಸಿ ಚಿನ್ನ ಗೆದ್ದರು. ಅದೇ ದೇಶದ ಹೆ ಝಿ 379.20 ಅಂಕ ಗಳಿಸಿ ಬೆಳ್ಳಿ ಪಡೆದರು. ಮೊದಲನೆಯವರಿಗೂ ಎರಡನೆಯವರಿಗೂ ನಡುವೆ ಮೂವತ್ತನಾಲ್ಕು ಅಂಕಕ್ಕೂ ಹೆಚ್ಚಿನ ಅಂತರವಿತ್ತು, ಅಲ್ಲಿ ಯಾರೂ ತಕರಾರು ಎತ್ತುವಂತಿರಲಿಲ್ಲ. ತಕರಾರಿಗೆ ಎಡೆಯಿರುವುದು ಅದರ ಕೆಳಗೆ. ಮೆಕ್ಸಿಕೊದ ಲಾರಾ ಸ್ಯಾಂಚೆಜ್ ಅವರಿಗೆ 362.40 ಅಂಕ ಬಂದು ಕಂಚು ಸಿಕ್ಕಿತು. ಇಟಲಿಯ ತಾನಿಯಾ ಕಾನ್ಯೊತ್ತೊ ಅವರಿಗೆ ಬಂದದ್ದು 362.20, ಸಿಕ್ಕಿದ್ದು ನಾಲ್ಕನೆಯ ಸ್ಥಾನ, ಅಂದರೆ ಏನೂ ಇಲ್ಲ. ಅದು ಅವರ ನಾಲ್ಕನೆಯ ಒಲಿಂಪಿಕ್ಸ್. ಮರುವರ್ಷ ಬಾರ್ಸಿಲೋನಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದು ಮೀಟರ್ ಹಲಗೆಯ ಸ್ಪರ್ಧೆ. ಅಲ್ಲಿ ಹೆ ಝಿಗೆ 307.10, ಕಾನ್ಯೊತ್ತೊಗೆ 307.00. ಈ ಸಲ ಕೈತಪ್ಪಿದ್ದು ಚಿನ್ನ, ಅಂತರ 0.10. ಒಬ್ಬ ಕ್ರೀಡಾಪಟುವಿನ ದುರದೃಷ್ಟದ ಕಥೆಯಾಗಿ ಇದನ್ನು ಹೇಳುವುದು ಸುಲಭ, ಪತ್ರಿಕೆಗಳು ಹೇಳಿಯೂ ಇವೆ. ಆದರೆ ಈ ಎರಡು ಅಂಕಿಗಳ ಒಳಹೊಕ್ಕು ನೋಡಿದರೆ ಅದೃಷ್ಟಕ್ಕಿಂತ ಗಟ್ಟಿಯಾದ ಒಂದು ಪ್ರಶ್ನೆ ಸಿಗುತ್ತದೆ. ಹತ್ತರಲ್ಲಿ ಒಂದು ಅಥವಾ ಎರಡು ಪಾಲಿನಷ್ಟು ಅಂಕದ ವ್ಯತ್ಯಾಸವನ್ನು ಗುರುತಿಸುವ ಶಕ್ತಿ ಈ ಆಟದ ಅಳತೆಗೋಲಿಗೆ ಇದೆಯೇ? ಇಲ್ಲ ಎಂಬುದು ನನ್ನ ವಾದ. ಇಲ್ಲವೆಂದಾದರೆ ಅಂಥ ಕಡೆ ಪದಕವನ್ನು ಇಬ್ಬರಿಗೂ ಕೊಡುವುದೇ ನ್ಯಾಯ ಎಂಬುದು ಆ ವಾದದ ಮುಂದಿನ ಹೆಜ್ಜೆ.

ಈ ಅಂಕಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಮೊದಲು ನೋಡೋಣ. ಸ್ಪ್ರಿಂಗ್‌ಬೋರ್ಡ್ ಎಂದರೆ ಸುಮಾರು 4.8 ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಅಲ್ಯೂಮಿನಿಯಂ ಹಲಗೆ. ಅದರ ನಡುವೆ ಕೆಳಗಡೆ ಆನಿಕೆಯೊಂದಿರುತ್ತದೆ, ಪಕ್ಕದಲ್ಲಿ ಅದನ್ನು ಹಿಂದೆ ಮುಂದೆ ಸರಿಸುವ ಚಕ್ರ. ಡೈವರ್ ಹಲಗೆ ಏರಿದ ಕೂಡಲೇ ಬರಿಗಾಲಿನಿಂದ ಆ ಚಕ್ರವನ್ನು ಉರುಳಿಸುವುದನ್ನು ನೀವು ಟಿವಿಯಲ್ಲಿ ಗಮನಿಸಿರಬಹುದು. ಆನಿಕೆ ಹಿಂದಕ್ಕೆ ಸರಿದರೆ ಹಲಗೆ ಹೆಚ್ಚು ಬಾಗುತ್ತದೆ, ಮುಂದಕ್ಕೆ ಬಂದರೆ ಬಿಗಿಯಾಗುತ್ತದೆ. ತನ್ನ ತೂಕಕ್ಕೂ ತನ್ನ ಓಟದ ಲಯಕ್ಕೂ ಹೊಂದುವಂತೆ ಪ್ರತಿಯೊಬ್ಬರೂ ಅದನ್ನು ಕೂರಿಸಿಕೊಳ್ಳುತ್ತಾರೆ. ಕೆಳಗೆ ಕೊಳದ ಮೇಲೆ ಸಣ್ಣ ಕೊಳವೆಗಳಿಂದ ನೀರು ಸಿಂಪಡಿಸುತ್ತಿರುತ್ತಾರೆ. ಅದು ನೋಡುವವರ ಅಂದಕ್ಕಲ್ಲ. ನಿಂತ ನೀರು ಗಾಜಿನಂತೆ ಪಾರದರ್ಶಕವಾಗಿದ್ದರೆ ತಲೆಕೆಳಗಾಗಿ ತಿರುಗುತ್ತಿರುವವರಿಗೆ ನೀರಿನ ಮಟ್ಟ ಎಲ್ಲಿದೆ ಎಂದು ತಿಳಿಯುವುದಿಲ್ಲ. ಅದಕ್ಕಾಗಿ ಅದನ್ನು ಕದಡುತ್ತಾರೆ. ಹಲಗೆ ಬಿಟ್ಟ ಮೇಲೆ ನೀರು ಸೇರುವವರೆಗೆ ಸಿಗುವ ಸಮಯ ಸುಮಾರು ಒಂದೂವರೆ ಸೆಕೆಂಡು. ಅಷ್ಟರೊಳಗೆ ಎರಡೂವರೆ ಅಥವಾ ಮೂರೂವರೆ ಲಾಗ ಹಾಕಿ, ಮೈ ಬಿಚ್ಚಿ, ಗಂಟೆಗೆ ಮೂವತ್ತು ಕಿಲೋಮೀಟರಿಗೂ ಮೀರಿದ ವೇಗದಲ್ಲಿ, ನೀರು ಎದ್ದು ಸಿಡಿಯದಂತೆ ನೆಟ್ಟಗೆ ಇಳಿಯಬೇಕು.

ಮಹಿಳೆಯರಿಗೆ ಫೈನಲ್‌ನಲ್ಲಿ ಐದು ಡೈವ್. ಮುಂದಕ್ಕೆ, ಹಿಂದಕ್ಕೆ, ಮುಂದೆ ನೋಡುತ್ತ ಹಾರಿ ಹಲಗೆಯ ಕಡೆಗೆ ತಿರುಗುವುದು, ಹಿಂದೆ ನೋಡುತ್ತ ಹಾರಿ ಹಲಗೆಯ ಕಡೆಗೆ ತಿರುಗುವುದು, ಲಾಗದ ಜೊತೆಗೆ ಮೈಯನ್ನೂ ತಿರುಚುವುದು ಎಂಬ ಐದು ವರ್ಗಗಳಿಂದ ಒಂದೊಂದು. ಯಾವ ಡೈವ್ ಎಂಬುದನ್ನು ಮುಂಚಿತವಾಗಿಯೇ ಬರೆದು ಕೊಡಬೇಕು. ಬರೆದದ್ದನ್ನು ಬಿಟ್ಟು ಬೇರೆಯದನ್ನು ಹಾರಿದರೆ ಸೊನ್ನೆ. ಪ್ರತಿ ಡೈವ್‌ಗೂ ಒಂದು ಸಂಖ್ಯೆಯಿದೆ. 107ಬಿ ಎಂದರೆ ಮೊದಲ 1 ಮುಂದಕ್ಕೆ ಹಾರುವ ವರ್ಗ, ಕೊನೆಯ 7 ಏಳು ಅರ್ಧ ಲಾಗ, ಎಂದರೆ ಮೂರೂವರೆ ಸುತ್ತು, ಬಿ ಎಂದರೆ ಕಾಲು ನೀಟಾಗಿ ಚಾಚಿ ಸೊಂಟದಲ್ಲಿ ಮಡಿದ ಭಂಗಿ. ಪ್ರತಿಯೊಂದಕ್ಕೂ ಕಠಿಣತೆಯ ಗುಣಕವೊಂದು ನಿಯಮಪುಸ್ತಕದಲ್ಲಿ ಅಚ್ಚಾಗಿದೆ. ಮೂರು ಮೀಟರ್ ಹಲಗೆಯಿಂದ ಹಾರುವ 107ಬಿಗೆ 3.1, 205ಬಿಗೆ 3.0, 305ಬಿಗೆ 3.0, 405ಬಿಗೆ 3.0. ಕೊಳದ ಬದಿಗಳಲ್ಲಿ ಏಳು ಮಂದಿ ತೀರ್ಪುಗಾರರು ಕೂತಿರುತ್ತಾರೆ. ಒಬ್ಬರನ್ನೊಬ್ಬರು ಕೇಳದೆ, ಸೊನ್ನೆಯಿಂದ ಹತ್ತರವರೆಗೆ ಅರ್ಧ ಅರ್ಧ ಅಂಕದ ಮೆಟ್ಟಿಲಲ್ಲಿ, ಒಂದೊಂದು ಅಂಕ ಕೊಡುತ್ತಾರೆ. ಅತಿ ಹೆಚ್ಚಿನ ಎರಡನ್ನೂ ಅತಿ ಕಡಿಮೆಯ ಎರಡನ್ನೂ ತೆಗೆದುಹಾಕಿ, ಉಳಿದ ಮೂರನ್ನು ಕೂಡಿಸಿ, ಗುಣಕದಿಂದ ಗುಣಿಸುತ್ತಾರೆ. ಅಷ್ಟೇ ಲೆಕ್ಕ. ತೀರ್ಪುಗಾರರ ಆಟಗಳಲ್ಲಿ ಇಷ್ಟು ಸರಳವಾದ, ಮನೆಯಲ್ಲಿ ಕೂತು ಕಾಗದದ ಮೇಲೆ ಪರೀಕ್ಷಿಸಬಹುದಾದ ಲೆಕ್ಕ ಇನ್ನೊಂದು ಸಿಗುವುದು ಕಷ್ಟ. ಈ ಆಟದ ಬಗ್ಗೆ ನನಗಿರುವ ಗೌರವಕ್ಕೆ ಅದೂ ಒಂದು ಕಾರಣ.

ಈಗ ಒಂದು ಡೈವ್ ತೆಗೆದುಕೊಳ್ಳಿ. ಗುಣಕ 3.0. ಏಳು ಅಂಕಗಳು ಹೀಗಿವೆ ಎನ್ನೋಣ: ಮೂರು ಎಂಟು, ಮೂರು ಎಂಟೂವರೆ, ಒಂದು ಒಂಬತ್ತು. ಮೇಲಿನ ಎರಡು, ಕೆಳಗಿನ ಎರಡು ಹೋದರೆ ಉಳಿಯುವುದು ಎಂಟು, ಎಂಟೂವರೆ, ಎಂಟೂವರೆ. ಮೊತ್ತ 25, ಮೂರರಿಂದ ಗುಣಿಸಿದರೆ 75. ಎಂಟು ಕೊಟ್ಟ ಮೂವರಲ್ಲಿ ಒಬ್ಬರೇ ಒಬ್ಬರು ಎಂಟೂವರೆ ಕೊಟ್ಟಿದ್ದರೆ ನಡುವಿನ ಮೂರೂ ಎಂಟೂವರೆಯಾಗಿ ಮೊತ್ತ 25.5 ಆಗುತ್ತಿತ್ತು, ಡೈವ್‌ನ ಬೆಲೆ 76.5. ಅಂದರೆ ಮೂರು ಮೀಟರ್ ಹಲಗೆಯ ಮೇಲೆ ಒಬ್ಬ ತೀರ್ಪುಗಾರ ಮಾಡಬಹುದಾದ ಅತಿ ಸಣ್ಣ ಬದಲಾವಣೆ, ಅದು ಲೆಕ್ಕಕ್ಕೆ ಸೇರುವುದಾದರೆ, ಒಂದೂವರೆ ಅಂಕ ತೂಗುತ್ತದೆ. ಒಂದು ಮೀಟರ್ ಹಲಗೆಯಲ್ಲಿ ಗುಣಕಗಳು ಕಡಿಮೆ, ಸುಮಾರು ಎರಡೂವರೆಯ ಆಸುಪಾಸು. ಅಲ್ಲಿ ಅದೇ ಅರ್ಧ ಅಂಕಕ್ಕೆ ಬೆಲೆ ಒಂದೂಕಾಲರ ಸುತ್ತಮುತ್ತ. ಲಂಡನ್ನಿನಲ್ಲಿ ಕಂಚನ್ನು ನಿರ್ಧರಿಸಿದ 0.20 ಎಂಬುದು ಈ ಅತಿ ಸಣ್ಣ ಘಟಕದ ಏಳನೆಯ ಒಂದು ಪಾಲಿಗಿಂತ ಕಡಿಮೆ. ಬಾರ್ಸಿಲೋನಾದ 0.10 ಹತ್ತನೆಯ ಒಂದು ಪಾಲಿಗೂ ತುಂಬುವುದಿಲ್ಲ. ಅಲ್ಲಿ ಕೂತಿದ್ದ ಏಳು ಮಂದಿಯಲ್ಲಿ ಯಾರೊಬ್ಬರ ಬೆರಳೂ ಅಷ್ಟು ಸಣ್ಣ ವ್ಯತ್ಯಾಸವನ್ನು ಒತ್ತಿ ತೋರಿಸಲು ಸಾಧ್ಯವೇ ಇರಲಿಲ್ಲ. ಐವತ್ತು ಗ್ರಾಂಗಿಂತ ಚಿಕ್ಕ ಕಲ್ಲು ಇಲ್ಲದ ತರಕಾರಿ ಅಂಗಡಿಯ ತಕ್ಕಡಿಯಲ್ಲಿ ಐದು ಗ್ರಾಂ ವ್ಯತ್ಯಾಸ ಕಂಡೆವು ಎಂದು ಹೇಳಿದರೆ ನಾವು ನಂಬುತ್ತೇವೆಯೇ?

ಹಾಗಾದರೆ ಆ ಚೂರು ಅಂತರ ಹುಟ್ಟಿದ್ದು ಎಲ್ಲಿಂದ? ಗುಣಾಕಾರದಿಂದ. ಇಬ್ಬರೂ ಹಾರಿದ ಡೈವ್‌ಗಳ ಗುಣಕ ಎಲ್ಲವೂ 3.0 ಆಗಿದ್ದರೆ ಅವರ ನಡುವಿನ ವ್ಯತ್ಯಾಸ ಯಾವಾಗಲೂ ಒಂದೂವರೆಯ ಮಡಿಯಲ್ಲಿಯೇ ಇರಬೇಕು: ಸೊನ್ನೆ, ಒಂದೂವರೆ, ಮೂರು, ನಾಲ್ಕೂವರೆ. ಗುಣಕಗಳು ಬೇರೆಯಾದಾಗ ಮಾತ್ರ ನಡುವಿನ ಚೂರುಗಳು ಹುಟ್ಟಿಕೊಳ್ಳುತ್ತವೆ. ಒಬ್ಬರು 2.4 ಗುಣಕದ ಡೈವ್‌ಗೆ 24.5 ಪಡೆದರೆ 58.80, ಇನ್ನೊಬ್ಬರು 2.5 ಗುಣಕದ್ದಕ್ಕೆ 23.5 ಪಡೆದರೆ 58.75. ಕಣ್ಣು ಇಲ್ಲಿ ಹೇಳಿದ್ದು, ಮೊದಲನೆಯವರು ಒಂದು ಅಂಕದಷ್ಟು ಚೆನ್ನಾಗಿ ಹಾರಿದರು ಎಂದು. ಪುಸ್ತಕ ಹೇಳಿದ್ದು, ಎರಡನೆಯವರದು ಒಂದಿಷ್ಟು ಕಷ್ಟದ ಡೈವ್ ಎಂದು. ಎರಡನ್ನೂ ಗುಣಿಸಿದಾಗ ಉಳಿದ 0.05, ಕಣ್ಣು ಕಂಡದ್ದೂ ಅಲ್ಲ, ಪುಸ್ತಕ ಬರೆದದ್ದೂ ಅಲ್ಲ. ಅದು ಲೆಕ್ಕದ ಧೂಳು.

ಈ ಧೂಳಿಗೆ ಬೆಲೆ ಬಂದದ್ದು ಯಾಕೆ ಎಂಬುದಕ್ಕೆ ಸ್ವಲ್ಪ ಇತಿಹಾಸ ಬೇಕು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸ್ಪ್ರಿಂಗ್‌ಬೋರ್ಡ್ ಶುರುವಾದದ್ದು 1920ರಲ್ಲಿ, ಆಂಟ್‌ವರ್ಪ್‌ನಲ್ಲಿ. ಗೆದ್ದವರು ಅಮೆರಿಕದ ಹದಿನಾಲ್ಕರ ಹುಡುಗಿ ಐಲೀನ್ ರಿಗಿನ್. ಅಲ್ಲಿಂದ ದಶಕಗಳ ಕಾಲ ಅದು ಬಹುಮಟ್ಟಿಗೆ ಅಮೆರಿಕದ ಸ್ವತ್ತು. 1984ರಲ್ಲಿ ಕೆನಡಾದ ಸಿಲ್ವಿ ಬರ್ನಿಯೆ ಗೆದ್ದರು. ಅದಾದ ಮೇಲೆ 1988ರ ಗಾವ್ ಮಿನ್ ಅವರಿಂದ ಹಿಡಿದು 2024ರ ಪ್ಯಾರಿಸ್‌ನ ಚೆನ್ ಯಿವೆನ್ ಅವರವರೆಗೆ ಹತ್ತು ಒಲಿಂಪಿಕ್ಸ್‌ಗಳ ಚಿನ್ನವೂ ಚೀನಾಕ್ಕೇ ಹೋಗಿದೆ. ಒಂದು ದೇಶದಿಂದ ಇಬ್ಬರಿಗೆ ಅವಕಾಶ. ಲಂಡನ್, ರಿಯೊ, ಟೋಕಿಯೊ ಮೂರರಲ್ಲೂ ಆ ಇಬ್ಬರೂ ಮೊದಲೆರಡು ಸ್ಥಾನ ಹಿಡಿದರು. ಉಳಿದ ಜಗತ್ತಿಗೆಲ್ಲ ಸೇರಿ ಉಳಿಯುತ್ತಿದ್ದದ್ದು ಒಂದೇ ಒಂದು ಕಂಚು. ಹೀಗಾಗಿ ಚಿನ್ನಕ್ಕೆ ಹದಿನೆಂಟೋ ಮೂವತ್ತೋ ಅಂಕದ ಅಂತರವಿರುವ ಈ ಸ್ಪರ್ಧೆಯಲ್ಲಿ ಮೂರು, ನಾಲ್ಕು, ಐದನೆಯವರು ಒಬ್ಬರ ಮೇಲೊಬ್ಬರು ಒತ್ತಿ ನಿಂತಿರುತ್ತಾರೆ. ತಾನಿಯಾ ಅವರನ್ನೇ ನೋಡಿ: ತಂದೆ ಜಾರ್ಜೊ ಕಾನ್ಯೊತ್ತೊ ಸ್ವತಃ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಪದಕಗಳನ್ನು ಗೆದ್ದಿದ್ದವರು, ತಾಯಿಯೂ ಡೈವರ್ ಆಗಿದ್ದವರು. ಅಂಥ ಮನೆಯಿಂದ ಬಂದು ಯುರೋಪಿನಲ್ಲಿ ಮುಂಚೂಣಿಯಲ್ಲಿದ್ದವರಿಗೂ ನಿಜವಾಗಿ ತೆರೆದಿದ್ದ ಬಾಗಿಲು ಅದೊಂದೇ.

ಅಳತೆಗೋಲಿನ ಮಿತಿಯನ್ನು ಒಪ್ಪಿಕೊಂಡು ಪದಕ ಹಂಚುವುದು ಕ್ರೀಡೆಗೆ ಹೊಸದೇನಲ್ಲ. ಹೊಸದಲ್ಲ ಮಾತ್ರವಲ್ಲ, ಡೈವಿಂಗ್ ನಡೆಸುವ ಸಂಸ್ಥೆಯೇ ಅದನ್ನು ಪಕ್ಕದ ಕೊಳದಲ್ಲಿ ಮಾಡಿಯಾಗಿದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಪುರುಷರ 400 ಮೀಟರ್ ವೈಯಕ್ತಿಕ ಮೆಡ್ಲೆ ಈಜಿನಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಮತ್ತು ಅಮೆರಿಕದ ಟಿಮ್ ಮೆಕೀ ಇಬ್ಬರೂ ಸೆಕೆಂಡಿನ ನೂರನೆಯ ಒಂದರವರೆಗೆ ಸಮ. ಗಡಿಯಾರಕ್ಕೆ ಸಾವಿರದ ಒಂದನ್ನೂ ಅಳೆಯುವ ಶಕ್ತಿ ಇತ್ತು. ಅದನ್ನು ನೋಡಿ ಲಾರ್ಸನ್ 0.002 ಸೆಕೆಂಡಿನಿಂದ ಮುಂದೆ ಎಂದು ಚಿನ್ನ ಕೊಟ್ಟರು. ಅಷ್ಟು ಹೊತ್ತಿನಲ್ಲಿ ಆ ವೇಗದ ಈಜುಗಾರ ಸಾಗುವ ದೂರ ಸುಮಾರು ಮೂರು ಮಿಲಿಮೀಟರ್. ಕೊಳ ಕಟ್ಟುವಾಗ ಒಂದು ಓಣಿಗೂ ಇನ್ನೊಂದು ಓಣಿಗೂ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಬರುತ್ತದೆ, ನಿಯಮ ಅದನ್ನು ಒಪ್ಪುತ್ತದೆ. ಗಡಿಯಾರ ಎಷ್ಟೇ ಸೂಕ್ಷ್ಮವಾಗಿದ್ದರೂ ಗೋಡೆ ಅಷ್ಟು ಸೂಕ್ಷ್ಮವಾಗಿಲ್ಲ. ಅದಾದ ಮೇಲೆ ಈಜಿನಲ್ಲಿ ನೂರನೆಯ ಒಂದಕ್ಕಿಂತ ಒಳಗೆ ಇಣುಕುವುದನ್ನು ಬಿಟ್ಟುಬಿಟ್ಟರು. ಅದರ ಫಲವಾಗಿ 1984ರಲ್ಲಿ ಲಾಸ್ ಏಂಜಲೀಸ್‌ನ ಮಹಿಳೆಯರ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಅಮೆರಿಕದ ಕ್ಯಾರಿ ಸ್ಟೈನ್‌ಸೀಫರ್ ಮತ್ತು ನ್ಯಾನ್ಸಿ ಹಾಗ್ಸ್‌ಹೆಡ್ ಇಬ್ಬರಿಗೂ ಚಿನ್ನ, 2016ರ ರಿಯೊದಲ್ಲಿ ಅದೇ ಸ್ಪರ್ಧೆಯಲ್ಲಿ ಸಿಮೋನ್ ಮ್ಯಾನ್ಯುಯೆಲ್ ಮತ್ತು ಪೆನ್ನಿ ಒಲೆಕ್ಸಿಯಾಕ್ ಇಬ್ಬರಿಗೂ ಚಿನ್ನ. ಅಂದು ಫಿನಾ ಎನಿಸಿಕೊಂಡಿದ್ದ, ಇಂದು ವರ್ಲ್ಡ್ ಅಕ್ವಾಟಿಕ್ಸ್ ಆಗಿರುವ ಅದೇ ಒಕ್ಕೂಟ, ವಿದ್ಯುತ್ ಗಡಿಯಾರದ ವಿಷಯದಲ್ಲಿ ತೋರಿದ ವಿನಯವನ್ನು ಮನುಷ್ಯರ ಕಣ್ಣಿನ ವಿಷಯದಲ್ಲಿ ತೋರಿಲ್ಲ. ಎರಡರಲ್ಲಿ ಒರಟಾದ ಅಳತೆಗೋಲು ಯಾವುದು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಆದ್ದರಿಂದ ನನ್ನ ಸೂಚನೆ ಇಷ್ಟು. ಇಬ್ಬರ ಒಟ್ಟು ಮೊತ್ತದ ನಡುವಿನ ವ್ಯತ್ಯಾಸ, ಅವರು ಹಾರಿದ ಡೈವ್‌ಗಳಲ್ಲಿ ಅತಿ ಕಡಿಮೆ ಗುಣಕವಿದ್ದದ್ದರ ಮೇಲೆ ಒಂದು ಅರ್ಧ ಅಂಕಕ್ಕೆ ಸಿಗುವ ಬೆಲೆಗಿಂತ ಕಡಿಮೆ ಇದ್ದರೆ ಅವರನ್ನು ಸಮ ಎಂದು ಸಾರಿ ಪದಕವನ್ನು ಇಬ್ಬರಿಗೂ ಕೊಡಬೇಕು. ಮೊತ್ತ ಸರಿಸಮ ಬಂದರೆ ಸ್ಥಾನ ಹಂಚಿಕೊಳ್ಳಬೇಕೆಂಬುದು ಡೈವಿಂಗ್‌ನ ನಿಯಮದಲ್ಲಿ ಈಗಾಗಲೇ ಇದೆ. ಆ ‘ಸಮ’ಕ್ಕೆ ತಕ್ಕ ಅಗಲ ಕೊಡಿ ಎಂಬುದಷ್ಟೇ ಕೇಳಿಕೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಲೆಕ್ಕ ಬಲ್ಲವರದು. ಒಂದೊಂದು ಅಂಕ ಒರಟಾಗಿರಬಹುದು, ಆದರೆ ಐದು ಡೈವ್‌ಗಳಿಂದ ಮೂರು ಮೂರರಂತೆ ಹದಿನೈದು ಅಂಕ ಕೂಡಿಸುತ್ತೇವಲ್ಲ, ಒಬ್ಬರು ಹೆಚ್ಚು ಕೊಟ್ಟರೆ ಇನ್ನೊಬ್ಬರು ಕಡಿಮೆ ಕೊಟ್ಟಿರುತ್ತಾರೆ, ತಪ್ಪುಗಳು ಒಂದನ್ನೊಂದು ಅಳಿಸಿಹಾಕಿ ಮೊತ್ತ ಸೂಕ್ಷ್ಮವಾಗುತ್ತದೆ ಎಂದು ಅವರು ಹೇಳುತ್ತಾರೆ. ಇದರಲ್ಲಿ ಅರ್ಧ ನಿಜವಿದೆ. ಕೂಡಿಸುತ್ತ ಹೋದಂತೆ ಸರಾಸರಿ ನಂಬಿಕಸ್ಥವಾಗುತ್ತದೆ, ಒಪ್ಪೋಣ. ಆದರೆ ಪದಕ ಕೊಡುವುದು ಸರಾಸರಿಗಲ್ಲ, ಮೊತ್ತಕ್ಕೆ. ಮೊತ್ತದೊಳಗಿನ ತಪ್ಪು, ಮೊತ್ತದಷ್ಟು ಬೇಗ ಅಲ್ಲದಿದ್ದರೂ, ಬೆಳೆಯುತ್ತಲೇ ಹೋಗುತ್ತದೆ. ತೀರ್ಪುಗಾರರು ದೇವರಂತೆ ಕಾಣಬಲ್ಲರು, ಅವರಿಗಿರುವ ಒಂದೇ ಕೊರತೆ ಅರ್ಧ ಅಂಕದ ಮೆಟ್ಟಿಲಿಗೆ ಹೊಂದಿಸಿ ಬರೆಯಬೇಕಾಗಿರುವುದು ಎಂದೇ ಇಟ್ಟುಕೊಳ್ಳಿ. ಪ್ರತಿ ಅಂಕದಲ್ಲೂ ಕಾಲು ಅಂಕದವರೆಗೆ ಮೇಲೆ ಅಥವಾ ಕೆಳಗೆ ಹೊಂದಾಣಿಕೆಯ ತಪ್ಪು ಇರುತ್ತದೆ. ಈ ತಪ್ಪುಗಳಿಗೆ ಒಂದಕ್ಕೊಂದು ನಂಟಿಲ್ಲ ಎಂದು ಎಣಿಸಿ ಹದಿನೈದನ್ನು ಕೂಡಿಸಿ ಮೂರರ ಗುಣಕ ಹಾಕಿದರೆ, ಸಂಖ್ಯಾಶಾಸ್ತ್ರದ ಸಾಮಾನ್ಯ ಸೂತ್ರದಂತೆ, ಒಬ್ಬರ ಮೊತ್ತದಲ್ಲಿ ಸಹಜವಾಗಿ ಇರಬಹುದಾದ ಏರಿಳಿತ ಸುಮಾರು 1.7 ಅಂಕ. ಇಬ್ಬರ ನಡುವಿನ ವ್ಯತ್ಯಾಸಕ್ಕೆ ಅದು ಎರಡನ್ನು ದಾಟುತ್ತದೆ. ಇದು ದೋಷವೇ ಇಲ್ಲದ ಕಣ್ಣುಗಳ ಲೆಕ್ಕ, ನಿಜವಾದ ಕಣ್ಣುಗಳದಲ್ಲ. ಹಾಗೆ ನೋಡಿದರೆ ನಾನು ಕೇಳುತ್ತಿರುವ ಅರ್ಧ ಅಂಕದ ಗೆರೆ ಉದಾರವಾದದ್ದೇನೂ ಅಲ್ಲ, ಜಿಪುಣತನದ್ದು.

ನಿಜವಾದ ಕಣ್ಣುಗಳ ಬಗ್ಗೆಯೂ ನಮಗೆ ಒಂದಿಷ್ಟು ಗೊತ್ತಿದೆ. ಯೇಲ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಜಾನ್ ಎಮರ್ಸನ್ ಮತ್ತು ಸಂಗಡಿಗರು 2000ದ ಸಿಡ್ನಿ ಒಲಿಂಪಿಕ್ಸ್‌ನ ಡೈವಿಂಗ್ ಅಂಕಗಳನ್ನೆಲ್ಲ ಪರಿಶೀಲಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ದೇಶದವರು ಹಾರಿದಾಗ ಕೆಲವು ತೀರ್ಪುಗಾರರ ಕೈ ಸ್ವಲ್ಪ ಸಡಿಲವಾಗುತ್ತದೆ ಎಂಬುದಕ್ಕೆ ಅವರಿಗೆ ಬಲವಾದ ಸಾಕ್ಷ್ಯ ಸಿಕ್ಕಿತು. ಈ ಮಾತನ್ನು ಹಿಡಿದು ಇಡೀ ಆಟವೇ ಮೋಸ ಎಂದು ಹೇಳುವವರ ಜೊತೆ ನಾನಿಲ್ಲ. ಫೈನಲ್‌ನಲ್ಲಿ ಸಾಧ್ಯವಾದಷ್ಟೂ ಸ್ಪರ್ಧಿಗಳ ದೇಶದವರಲ್ಲದವರನ್ನು ಕೂರಿಸುತ್ತಾರೆ. ಮೇಲೆರಡು ಕೆಳಗೆರಡು ತೆಗೆದುಹಾಕುವ ಪದ್ಧತಿಯಿಂದಾಗಿ ಒಬ್ಬರ ಪಕ್ಷಪಾತ ಬಹುಮಟ್ಟಿಗೆ ಕಸದ ಬುಟ್ಟಿಗೆ ಹೋಗುತ್ತದೆ. ಬಹುಮಟ್ಟಿಗೆ, ಪೂರ್ತಿಯಲ್ಲ. ಎಂಟು ಎಂಬಲ್ಲಿ ಒಬ್ಬರು ಒಂಬತ್ತು ಕೊಟ್ಟು, ಅದನ್ನು ಲೆಕ್ಕದಿಂದ ತೆಗೆದರೂ, ಆ ಒಂಬತ್ತು ಮೇಲೆ ಕೂತದ್ದರಿಂದ ಇನ್ನೊಬ್ಬರ ಎಂಟೂವರೆ ನಡುವಿನ ಮೂರರೊಳಗೆ ಇಳಿದು ಬಂದಿರುತ್ತದೆ. ಹತ್ತು ಅಂಕದ ಅಂತರವಿರುವ ಕಡೆ ಇದು ಏನನ್ನೂ ಬದಲಿಸದು. 0.20 ಅಂತರವಿರುವ ಕಡೆ ಎಲ್ಲವನ್ನೂ ಬದಲಿಸಬಲ್ಲದು.

ಎರಡನೆಯ ಆಕ್ಷೇಪ ತರಬೇತುದಾರರದು. ಗುಣಕವೇನು ಆಕಾಶದಿಂದ ಬೀಳುವುದಿಲ್ಲ. ಯಾವ ಡೈವ್ ಹಾರಬೇಕು ಎಂಬುದು ಸ್ಪರ್ಧಿಯ ಆಯ್ಕೆ, ವರ್ಷಗಟ್ಟಲೆಯ ಅಭ್ಯಾಸದ ಫಲ. ಹೆಚ್ಚು ಗುಣಕದ ಪಟ್ಟಿಯನ್ನು ಧೈರ್ಯದಿಂದ ಬರೆದುಕೊಟ್ಟವರು ಹತ್ತನೆಯ ಒಂದರಿಂದ ಗೆದ್ದರೆ ಅದು ಧೈರ್ಯಕ್ಕೆ ಸಂದ ಸಂಭಾವನೆ, ಧೂಳಲ್ಲ ಎಂದು ಅವರ ವಾದ. ಧೈರ್ಯಕ್ಕೆ ಬೆಲೆ ಇರಬೇಕು, ಸರಿಯೇ. ಆದರೆ ಆ ಗುಣಕ ಬಂದದ್ದು ಹೇಗೆ ಎಂದೂ ಕೇಳಬೇಕು. ಲಾಗ ಎಷ್ಟು, ಭಂಗಿ ಯಾವುದು, ಮೈ ತಿರುವು ಎಷ್ಟು, ಹಲಗೆ ಬಿಡುವ ರೀತಿ ಯಾವುದು, ನೀರು ಕಣ್ಣಿಗೆ ಕಾಣುವಂತೆ ಇಳಿಯುವುದೋ ಕಾಣದಂತೆಯೋ ಎಂಬ ಐದು ಅಂಶಗಳಿಗೆ ಒಂದೊಂದು ಬೆಲೆ ಕಟ್ಟಿ, ಕೂಡಿಸಿ, ಒಂದು ದಶಾಂಶಕ್ಕೆ ನಿಲ್ಲಿಸಿದ ಕೋಷ್ಟಕ ಅದು. ಅನುಭವಸ್ಥರು ಕೂತು ಒಪ್ಪಿಕೊಂಡ ಬೆಲೆಗಳು, ಆಗಾಗ ಪರಿಷ್ಕರಿಸಲಾಗುವ ಬೆಲೆಗಳು. 305ಬಿ ಮತ್ತು 405ಬಿ ಎರಡೂ ಸರಿಯಾಗಿ 3.0ಯಷ್ಟೇ ಕಷ್ಟ ಎಂಬುದು ಪ್ರಕೃತಿಯ ನಿಯಮವಲ್ಲ, ಒಪ್ಪಂದ. ಒಪ್ಪಂದ ಒಳ್ಳೆಯದೇ, ಆದರೆ ಒಂದು ದಶಾಂಶದ ಒಪ್ಪಂದದಿಂದ ಎರಡು ದಶಾಂಶದ ನ್ಯಾಯ ಹುಟ್ಟುವುದಿಲ್ಲ. ಧೈರ್ಯ ನಿಜವಾಗಿಯೂ ಫಲ ಕೊಟ್ಟಿದ್ದರೆ ಅದು ಅರ್ಧ ಅಂಕದ ಗೆರೆಯನ್ನು ದಾಟಿ ತನ್ನನ್ನು ತೋರಿಸಿಕೊಂಡೇ ತೀರುತ್ತದೆ.

ಇನ್ನು ಕೆಲವರು, ಅಳತೆಗೋಲು ಒರಟಾಗಿದ್ದರೆ ಅದನ್ನೇ ನಯ ಮಾಡಿ, ಅರ್ಧದ ಬದಲು ಹತ್ತನೆಯ ಒಂದರ ಮೆಟ್ಟಿಲಲ್ಲಿ ಅಂಕ ಕೊಡಲಿ ಎನ್ನುತ್ತಾರೆ. ಗೆರೆಗಳನ್ನು ಹತ್ತಿರ ಹತ್ತಿರ ಎಳೆದ ಮಾತ್ರಕ್ಕೆ ಕಣ್ಣು ಹರಿತವಾಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಓಟ, ಜಿಗಿತ, ಎತ್ತರ, ಗಾಳಿಯಲ್ಲಿನ ಭಂಗಿ, ನೀರಿನ ಪ್ರವೇಶ ಇಷ್ಟನ್ನೂ ನೋಡಿ ಒಂದೇ ಸಂಖ್ಯೆಯಾಗಿ ಹೇಳಬೇಕಾದವರಿಗೆ 8.3ಕ್ಕೂ 8.4ಕ್ಕೂ ವ್ಯತ್ಯಾಸವೇನು ಎಂದು ಕೇಳಿದರೆ ಅವರು ಊಹಿಸಿ ಹೇಳುತ್ತಾರೆ, ಅಷ್ಟೆ. ಯಂತ್ರವನ್ನು ತನ್ನಿ ಎನ್ನುವವರೂ ಇದ್ದಾರೆ. ಜಿಮ್ನಾಸ್ಟಿಕ್ಸ್‌ನಲ್ಲಿ 2019ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನಿಂದ ಮೈಯ ಚಲನೆಯನ್ನು ಮೂರು ಆಯಾಮದಲ್ಲಿ ಗುರುತಿಸುವ ಯಂತ್ರ ತೀರ್ಪುಗಾರರಿಗೆ ನೆರವಾಗುತ್ತಿದೆ. ಡೈವಿಂಗ್‌ಗೂ ಬರಲಿ, ಸ್ವಾಗತ. ಮೈಯ ಕೋನ, ಹಲಗೆಯಿಂದ ದೂರ, ಏರಿದ ಎತ್ತರ, ಇವನ್ನೆಲ್ಲ ಅದು ಅಳೆಯಬಲ್ಲದು. ಆದರೆ ಎರಡು ಡಿಗ್ರಿ ವಾಲಿದ್ದಕ್ಕೆ ಎಷ್ಟು ಕಳೆಯಬೇಕು, ಎತ್ತರ ಚೆನ್ನಾಗಿದ್ದು ಪ್ರವೇಶ ಕೆಟ್ಟರೆ ಯಾವುದಕ್ಕೆ ಎಷ್ಟು ಬೆಲೆ ಎಂಬುದನ್ನು ಮತ್ತೆ ಮನುಷ್ಯರೇ ಕೂತು ಬರೆಯಬೇಕು.

ಗೆಲುವು ಸೋಲು ಖಚಿತವಾಗಿ ತೀರ್ಮಾನವಾಗದಿದ್ದರೆ ಅದು ಆಟವೇ ಅಲ್ಲ ಎನ್ನುವವರ ಮಾತು ಲೆಕ್ಕದ್ದಲ್ಲ, ಭಾವನೆಯದು. ಅದಕ್ಕೆ ಉತ್ತರವೂ ಅನುಭವದಿಂದಲೇ ಬರಬೇಕು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಕತಾರ್‌ನ ಮುತಾಜ್ ಬರ್ಶಿಮ್ ಮತ್ತು ಇಟಲಿಯ ಜಾನ್‌ಮಾರ್ಕೊ ತಾಂಬೇರಿ ಚಿನ್ನ ಹಂಚಿಕೊಂಡದ್ದರಿಂದ ಆ ಸ್ಪರ್ಧೆಯ ಮಾನ ಹೋಯಿತೇ? ಆ ಕೂಟದಲ್ಲಿ ಜನ ಇಂದಿಗೂ ಮಾತಾಡಿಕೊಳ್ಳುವ ಸಂಗತಿಗಳಲ್ಲಿ ಅದೂ ಒಂದು. ಇನ್ನೊಂದು ಬದಿಯನ್ನೂ ನೋಡಿ. ಲಂಡನ್ನಿನಲ್ಲೇ ಮಹಿಳೆಯರ ಜಿಮ್ನಾಸ್ಟಿಕ್ಸ್ ಫ್ಲೋರ್ ಸ್ಪರ್ಧೆಯಲ್ಲಿ ಇಟಲಿಯ ವನೆಸ್ಸಾ ಫೆರಾರಿ ಮತ್ತು ರಷ್ಯಾದ ಅಲಿಯಾ ಮುಸ್ತಫೀನಾ ಇಬ್ಬರಿಗೂ ಸರಿಯಾಗಿ 14.900 ಬಂದಿತ್ತು. ಸಮ ಎನ್ನಲು ಮನಸ್ಸಿಲ್ಲದೆ, ನಿರ್ವಹಣೆಯ ಅಂಕ ಯಾರದು ಹೆಚ್ಚು ಎಂದು ನೋಡಿ ಕಂಚನ್ನು ಮುಸ್ತಫೀನಾಗೆ ಕೊಟ್ಟರು. ಕ್ರಿಕೆಟ್ ನೋಡುವ ನಮಗೆ ಇನ್ನೂ ಹತ್ತಿರದ ಉದಾಹರಣೆ 2019ರ ವಿಶ್ವಕಪ್ ಫೈನಲ್. ಐವತ್ತು ಓವರಿನಲ್ಲಿ ಸಮ, ಸೂಪರ್ ಓವರಿನಲ್ಲೂ ಸಮ, ಕೊನೆಗೆ ಬೌಂಡರಿ ಎಣಿಸಿ ಇಂಗ್ಲೆಂಡಿಗೆ ಕಪ್. ಆ ನಿಯಮವನ್ನು ಐಸಿಸಿ ಅದೇ ವರ್ಷ ಕೈಬಿಡಬೇಕಾಯಿತು. ಸಮವಾದದ್ದನ್ನು ಹೇಗಾದರೂ ಒಡೆಯಲೇಬೇಕೆಂಬ ಹಟದಿಂದ ಆಟದ ಗೌರವ ಹೆಚ್ಚಿದ್ದನ್ನು ನಾನಂತೂ ಕಾಣೆ.

ಅದೇ ಕ್ರಿಕೆಟ್ ನನ್ನ ವಾದಕ್ಕೆ ಬೇಕಾದ ಇನ್ನೊಂದು ಸಾಕ್ಷಿಯನ್ನೂ ಕೊಡುತ್ತದೆ. ಎಲ್‌ಬಿಡಬ್ಲ್ಯು ಮನವಿ ಮೂರನೆಯ ಅಂಪೈರ್ ಬಳಿಗೆ ಹೋದಾಗ, ಚೆಂಡು ವಿಕೆಟ್ಟಿನ ಅಂಚಿಗೆ ತಾಗುವಂತಿದ್ದರೆ ಪರದೆಯ ಮೇಲೆ ‘ಅಂಪೈರ್ಸ್ ಕಾಲ್’ ಎಂದು ಬರುತ್ತದೆ. ತಾಗುತ್ತಿದೆ ಎಂದು ಯಂತ್ರವೇ ತೋರಿಸುತ್ತಿರುವಾಗ ಔಟ್ ಕೊಡಬಾರದೇಕೆ ಎಂದು ಪ್ರತಿ ಸರಣಿಯಲ್ಲೂ ಯಾರಾದರೂ ಸಿಟ್ಟಾಗುತ್ತಾರೆ. ಆದರೆ ಆ ನಿಯಮದ ಹಿಂದಿರುವ ತರ್ಕ ಪ್ರಾಮಾಣಿಕವಾದದ್ದು. ಚೆಂಡಿನ ಮುಂದಿನ ದಾರಿ ಊಹೆ, ಆ ಊಹೆಗೆ ಇಷ್ಟು ಅಗಲದ ಅನುಮಾನವಿದೆ, ಆ ಅಗಲದೊಳಗೆ ಯಂತ್ರದ ಮಾತನ್ನು ತೀರ್ಪಾಗಿ ಹೇರುವುದಿಲ್ಲ ಎಂಬ ತರ್ಕ. ಕ್ರಿಕೆಟ್ಟಿನಲ್ಲಿ ಆಗ ಮೈದಾನದ ಅಂಪೈರಿನ ತೀರ್ಪು ಉಳಿಯುತ್ತದೆ, ಯಾಕೆಂದರೆ ಅಲ್ಲಿ ಅರ್ಧ ಔಟ್ ಎಂಬುದಿಲ್ಲ. ಪದಕದ ವಿಷಯ ಹಾಗಲ್ಲ. ಇನ್ನೊಂದು ಕಂಚು ಎರಕ ಹೊಯ್ಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಲಾರಾ ಸ್ಯಾಂಚೆಜ್ ಕೊರಳಿನಿಂದ ಏನನ್ನೂ ತೆಗೆಯಬೇಕಾಗಿಲ್ಲ.

ಉಳಿದದ್ದು ಕಾರ್ಯರೂಪದ ತೊಡಕು. ಒಂದನೆಯವರಿಗೂ ಎರಡನೆಯವರಿಗೂ ಒಂದು ಅಂಕ, ಎರಡನೆಯವರಿಗೂ ಮೂರನೆಯವರಿಗೂ ಒಂದು ಅಂಕ ಇದ್ದರೆ ಎಲ್ಲರೂ ಸರಪಳಿಯಂತೆ ಸಮ ಆಗಿಬಿಡುತ್ತಾರಲ್ಲ ಎಂದು ಕೇಳಬಹುದು. ಮೇಲಿನಿಂದ ಎಣಿಸಿದರೆ ಸಾಕು. ಮೊದಲನೆಯವರಿಂದ ಅರ್ಧ ಅಂಕದ ಬೆಲೆಯೊಳಗೆ ಇರುವವರೆಲ್ಲ ಅವರ ಜೊತೆ, ಅದರ ಕೆಳಗಿನವರಿಂದ ಹೊಸ ಎಣಿಕೆ. 1.45ಕ್ಕೆ ಹಂಚಿಕೆ, 1.55ಕ್ಕೆ ಇಲ್ಲ ಎಂದರೆ ಅಲ್ಲೂ ಕೂದಲೆಳೆಯ ಅನ್ಯಾಯವೇ ಅಲ್ಲವೇ ಎಂದೂ ಕೇಳಬಹುದು. ಹೌದು, ಗೆರೆ ಎಳೆದ ಕಡೆಯೆಲ್ಲ ಅದಿದ್ದದ್ದೇ. ಆದರೆ ಈ ಗೆರೆ ತೀರ್ಪುಗಾರರ ಕೈಯಲ್ಲಿರುವ ನಿಜವಾದ ಘಟಕದ ಮೇಲೆ ನಿಂತಿದೆ, ಈಗಿನದು ಗುಣಾಕಾರದ ಶೇಷದ ಮೇಲೆ ನಿಂತಿದೆ. ಪದಕಗಳು ಮಳೆಯಂತೆ ಸುರಿಯುತ್ತವೆ ಎಂಬ ಭಯವೂ ಬೇಡ. ರಿಯೊದಲ್ಲಿ ಚೀನಾದ ಶಿ ಟಿಂಗ್‌ಮಾವ್ 406.05, ಹೆ ಝಿ 387.90, ಮೂರನೆಯವರು 372.80. ಟೋಕಿಯೊದಲ್ಲಿ 383.50, 348.75, 343.75. ಪ್ಯಾರಿಸ್‌ನಲ್ಲಿ 376.00, 343.10, 318.75. ಈ ಮೂರು ಪಟ್ಟಿಗಳಲ್ಲಿ ಪದಕ ಗೆದ್ದವರ ನಡುವೆ ನನ್ನ ನಿಯಮಕ್ಕೆ ಕೆಲಸವೇ ಇಲ್ಲ.

ಇದು ಒಬ್ಬ ಇಟಲಿಯವರಿಗಾಗಿ ಹೊಲಿದ ಅಂಗಿ ಎಂದು ಯಾರಾದರೂ ಅಂದರೆ, ಕಾನ್ಯೊತ್ತೊ ಅವರ ಮುಂದಿನ ದಾಖಲೆಯ ಮೇಲೂ ಇದನ್ನು ಪರೀಕ್ಷಿಸಿ ನೋಡಬಹುದು. ರಿಯೊದಲ್ಲಿ ಮೂರನೆಯವರು ಎಂದೆನಲ್ಲ, ಅದು ಅವರೇ. ತಮ್ಮ ಐದನೆಯ ಒಲಿಂಪಿಕ್ಸ್‌ನಲ್ಲಿ ಕಂಚು, ಫ್ರಾಂಚೆಸ್ಕಾ ದಲ್ಲಾಪೆ ಜೊತೆಗೂಡಿ ಜೋಡಿ ಡೈವಿಂಗ್‌ನಲ್ಲಿ ಬೆಳ್ಳಿ, ಎರಡೂ ಯಾರ ಹಂಗೂ ಇಲ್ಲದೆ ಬಂದವು. ಅದಕ್ಕೆ ಒಂದು ವರ್ಷ ಮೊದಲು, 2015ರ ಕಜಾನ್ ವಿಶ್ವ ಚಾಂಪಿಯನ್‌ಷಿಪ್‌ನ ಒಂದು ಮೀಟರ್ ಸ್ಪರ್ಧೆಯಲ್ಲಿ ಅವರು 310.85 ಅಂಕ ಪಡೆದು ಚಿನ್ನ ಗೆದ್ದಿದ್ದರು, ಶಿ ಟಿಂಗ್‌ಮಾವ್ 309.20 ಪಡೆದು ಎರಡನೆಯವರಾಗಿದ್ದರು. ಅಂತರ 1.65. ಒಂದು ಮೀಟರ್ ಹಲಗೆಯಲ್ಲಿ ಅರ್ಧ ಅಂಕದ ಬೆಲೆ ಒಂದೂಕಾಲರ ಆಸುಪಾಸು ಎಂದು ಆಗಲೇ ಹೇಳಿದೆ. 1.65 ಆ ಗೆರೆಯಿಂದ ಆಚೆಗಿದೆ. ನನ್ನ ನಿಯಮ ಅಲ್ಲಿದ್ದಿದ್ದರೂ ಶಿ ಟಿಂಗ್‌ಮಾವ್ ಅವರಿಗೆ ಸಿಗುತ್ತಿದ್ದದ್ದು ಬೆಳ್ಳಿಯೇ.